ಹದಿನಾಲ್ಕಕ್ಕೇ ಊರು ಬಿಟ್ಟು ಫುಟ್‌ಬಾಲ್ ಆಡಿದ ಲಿಲಿ ಪಾರ್: 53 ಸಾವಿರ ಜನ ನೋಡಿದ ಆಟಕ್ಕೆ ವರ್ಷ ತುಂಬೋದ್ರೊಳಗೆ ಗ್ರೌಂಡ್ ಬಂದ್!

ನಮ್ಮ ಕಡೆ ಹೈಸ್ಕೂಲ್ ಹೆಣ್ಮಕ್ಕಳ ಆಟ ಅಂದ್ರೆ ಕೊಕ್ಕೊ, ಕಬಡ್ಡಿ, ಥ್ರೋಬಾಲ್. ಫುಟ್‌ಬಾಲ್ ತಂಡ ಕಟ್ಟಬೇಕು ಅಂದ್ರೆ ಪಿಟಿ ಮೇಷ್ಟ್ರು ಮೊದಲು ಹನ್ನೊಂದು ಜನ ಹುಡುಗಿಯರನ್ನ ಹುಡುಕಬೇಕು, ಆಮೇಲೆ ಅವರ ಅಪ್ಪ ಅಮ್ಮನ್ನ ಒಪ್ಪಿಸಬೇಕು, ಕೊನೆಗೆ ಹುಡುಗರು ಕ್ರಿಕೆಟ್ ಆಡೋ ಗ್ರೌಂಡಿನಲ್ಲಿ ಒಂದು ಗಂಟೆ ಜಾಗ ಕೇಳಿ ಪಡೀಬೇಕು. ಈ ಮೂರನೇದು ಇದೆಯಲ್ಲ, ಜಾಗ, ಅದರ ಜಗಳ ಹೊಸದೇನಲ್ಲ. ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಅದು ಎಲ್ಲಿವರೆಗೆ ಹೋಗಿತ್ತು ಅಂತ ತಿಳ್ಕೊಳ್ಳೋಕೆ ಲಿಲಿ ಪಾರ್ ಅನ್ನೋ ಆಟಗಾರ್ತಿಯ ಬದುಕು ನೋಡಬೇಕು.

ಲಿಲಿ ಹುಟ್ಟಿದ್ದು 1905ರ ಏಪ್ರಿಲ್ 26ರಂದು, ಲ್ಯಾಂಕಶೈರ್ ಸೀಮೆಯ ಸೇಂಟ್ ಹೆಲೆನ್ಸ್ ಅನ್ನೋ ಊರಲ್ಲಿ. ಗಾಜಿನ ಕಾರ್ಖಾನೆ, ಕಲ್ಲಿದ್ದಲು ಗಣಿಗಳ ಊರು ಅದು. ಅಪ್ಪ ಜಾರ್ಜ್ ಗಾಜಿನ ಕಾರ್ಖಾನೆಯಲ್ಲಿ ಕೂಲಿ. ತಾಯಿ ಸಾರಾ. ಏಳು ಮಕ್ಕಳಲ್ಲಿ ಲಿಲಿ ನಾಲ್ಕನೆಯವಳು. ಆ ಕಾಲದಲ್ಲಿ ಹೆಣ್ಮಗಳು ಅಂದ್ಮೇಲೆ ಹೊಲಿಗೆ, ಅಡುಗೆ ಕಲೀಬೇಕಿತ್ತು. ಇವಳು ಅಣ್ಣತಮ್ಮಂದಿರ ಜೊತೆ ಬಯಲಿಗೆ ಹೋಗಿ ಫುಟ್‌ಬಾಲ್, ರಗ್ಬಿ ಆಡಿಕೊಂಡು ಬೆಳೆದಳು. ಎಡಗಾಲಲ್ಲಿ ಚೆಂಡು ಒದ್ದರೆ ಅದರ ಜೋರು ಹುಡುಗರಿಗೂ ಇರ್ತಿರಲಿಲ್ಲ ಅಂತಾರೆ. ಆಗಿನ ಚೆಂಡು ಈಗಿನ ಹಾಗೆ ಹಗುರ ಅಲ್ಲ. ದಪ್ಪ ಚರ್ಮದ್ದು, ಮೇಲೆ ಲೇಸು ಹೊಲಿಗೆ. ಮಳೆ ಬಂದ್ರೆ ನೀರು ಕುಡಿದು ಕಲ್ಲಿನ ಹಾಗೆ ಆಗ್ತಿತ್ತು.

ಇಲ್ಲಿಗೆ ಲಿಲಿಯನ್ನ ಸ್ವಲ್ಪ ಬಿಟ್ಟು ಪ್ರೆಸ್ಟನ್ ಅನ್ನೋ ಇನ್ನೊಂದು ಊರಿಗೆ ಹೋಗೋಣ. ಇದೂ ಲ್ಯಾಂಕಶೈರ್‌ದೇ. ಅಲ್ಲಿ ಡಿಕ್, ಕರ್ ಅಂಡ್ ಕಂಪನಿ ಅಂತ ಒಂದು ಕಾರ್ಖಾನೆ. ರೈಲು, ಟ್ರಾಮ್ ಕೆಲಸ ಮಾಡ್ತಿದ್ದ ಕಾರ್ಖಾನೆ, ಮೊದಲ ಮಹಾಯುದ್ಧ ಬಂದ ಮೇಲೆ ಮದ್ದುಗುಂಡು ಮಾಡೋಕೆ ಶುರು ಮಾಡ್ತು. ಗಂಡಸರು ಯುದ್ಧಕ್ಕೆ ಹೋದ್ರು, ಅವರ ಜಾಗಕ್ಕೆ ಹೆಂಗಸರು ಬಂದ್ರು. ಊಟದ ಬಿಡುವು, ಟೀ ಬಿಡುವಿನಲ್ಲಿ ಈ ಹೆಂಗಸರು ಕಾರ್ಖಾನೆ ಅಂಗಳದಲ್ಲಿ ಅಪ್ರೆಂಟಿಸ್ ಹುಡುಗರ ಜೊತೆ ಚೆಂಡು ಒದೀತಿದ್ರು. 1917ರ ಅಕ್ಟೋಬರ್‌ನಲ್ಲಿ ಆ ಹುಡುಗರ ತಂಡದ ಆಟ ಕಂಡು ನಕ್ಕು, ನಾವೇ ಇದಕ್ಕಿಂತ ಚೆನ್ನಾಗಿ ಆಡ್ತೀವಿ ಅಂತ ಛೇಡಿಸಿದ್ದೇ ತಂಡ ಹುಟ್ಟೋಕೆ ಕಾರಣ. ಮುಂದೆ ನಿಂತವರು ಗ್ರೇಸ್ ಸಿಬ್ಬರ್ಟ್ ಅನ್ನೋ ಕೆಲಸಗಾರ್ತಿ.

ಆದ್ರೆ ಬರೀ ಉತ್ಸಾಹದಿಂದ ತಂಡ ನಡೆಯಲ್ಲ ಅಂತ ಟೂರ್ನಮೆಂಟ್ ಮಾಡಿಸಿದವರಿಗೆ ಗೊತ್ತು. ಪತ್ರ ಬರೆಯೋರು ಬೇಕು, ಗ್ರೌಂಡ್ ಮಾತಾಡೋರು ಬೇಕು, ಟಿಕೆಟ್ ದುಡ್ಡು ಎಣಿಸೋರು ಬೇಕು. ಆ ಕೆಲಸಕ್ಕೆ ಬಂದವರು ಆಲ್ಫ್ರೆಡ್ ಫ್ರಾಂಕ್‌ಲೆಂಡ್, ಕಾರ್ಖಾನೆಯ ಆಫೀಸಿನವರು. ಕಿಟಕಿಯಿಂದ ಇವರ ಆಟ ನೋಡಿ ತಲೆಗೆ ಹೊಳೆದಿದ್ದು ಅಂತ ಕಥೆ. ಸೂಟು, ಹ್ಯಾಟು ಹಾಕಿಕೊಂಡ ಶಿಸ್ತಿನ ಮನುಷ್ಯ. ಮ್ಯಾನೇಜರ್ ಅನ್ನಿ, ಕೋಚ್ ಅನ್ನಿ, ಗುಮಾಸ್ತ ಅನ್ನಿ, ಎಲ್ಲಾ ಇವರೇ. ಮುಂದಿನ ಸುಮಾರು 40 ವರ್ಷ ಈ ಮನುಷ್ಯ ಹೆಣ್ಮಕ್ಕಳ ಒಂದು ತಂಡದ ಹಿಂದೆಯೇ ಬದುಕು ಕಳೆದ್ರು.

1917ರ ಕ್ರಿಸ್‌ಮಸ್ ದಿನ ಮೊದಲ ದೊಡ್ಡ ಮ್ಯಾಚ್. ಪ್ರೆಸ್ಟನ್‌ನ ಡೀಪ್‌ಡೇಲ್ ಗ್ರೌಂಡ್ ಅಂದ್ರೆ ಗಂಡಸರ ದೊಡ್ಡ ಕ್ಲಬ್ ಆಡೋ ಜಾಗ. ಅದನ್ನೇ ಫ್ರಾಂಕ್‌ಲೆಂಡ್ ಬಾಡಿಗೆಗೆ ತಗೊಂಡ್ರು. ಎದುರಾಳಿ ಇನ್ನೊಂದು ಫೌಂಡ್ರಿಯ ಹೆಂಗಸರ ತಂಡ. 10 ಸಾವಿರ ಜನ ಬಂದ್ರು. ಡಿಕ್ ಕರ್ ಲೇಡೀಸ್ 4-0ಯಿಂದ ಗೆದ್ದರು. ಬಂದ ದುಡ್ಡಲ್ಲಿ ಸುಮಾರು 200 ಪೌಂಡ್ ಗಾಯಾಳು ಸೈನಿಕರ ಆಸ್ಪತ್ರೆಗೆ ಹೋಯ್ತು. ಆಮೇಲೆ ಊರೂರಿಂದ ಕರೆ. ಆಸ್ಪತ್ರೆಗೆ ದುಡ್ಡು ಬೇಕಾ, ಯುದ್ಧದಿಂದ ಬಂದು ಕೆಲಸ ಇಲ್ಲದೆ ಕೂತ ಸೈನಿಕರಿಗೆ ಸಹಾಯ ಬೇಕಾ, ಡಿಕ್ ಕರ್ ಹುಡುಗಿಯರನ್ನ ಕರೆಸಿ ಅನ್ನೋ ಹಾಗಾಯ್ತು. ಕಪ್ಪು ಬಿಳಿ ಪಟ್ಟೆಯ ಜೆರ್ಸಿ, ನೀಲಿ ಚಡ್ಡಿ, ತಲೆ ಮೇಲೆ ಟೊಪ್ಪಿ. ಆ ಕಾಲಕ್ಕೆ ಹೆಂಗಸರು ಮೊಣಕಾಲು ಕಾಣೋ ಹಾಗೆ ಚಡ್ಡಿ ಹಾಕಿ ಸಾವಿರಾರು ಜನರ ಮುಂದೆ ಓಡೋದು ಅಂದ್ರೆ ಸಣ್ಣ ಮಾತಲ್ಲ.

ಈಗ ಮತ್ತೆ ಲಿಲಿ. ಸೇಂಟ್ ಹೆಲೆನ್ಸ್‌ನಲ್ಲೂ ಒಂದು ಲೇಡೀಸ್ ತಂಡ ಹುಟ್ಟಿತ್ತು. ಹೈಸ್ಕೂಲ್ ವಯಸ್ಸಿನ ಲಿಲಿ ಅದರಲ್ಲಿ ಆಡ್ತಿದ್ದಳು. ಡಿಕ್ ಕರ್ ಎದುರು ಮ್ಯಾಚ್ ಆದಾಗ ಸೇಂಟ್ ಹೆಲೆನ್ಸ್ ಸೋತಿತು, ಆದ್ರೆ ಫ್ರಾಂಕ್‌ಲೆಂಡ್ ಕಣ್ಣು ಈ ಉದ್ದನೆ ಹುಡುಗಿ ಮೇಲೆ ಬಿತ್ತು. ಲಿಲಿಯನ್ನೂ, ಅದೇ ತಂಡದ ಆಲಿಸ್ ವುಡ್ಸ್‌ನೂ ಪ್ರೆಸ್ಟನ್‌ಗೆ ಕರೆದ್ರು. ಕಾರ್ಖಾನೆಯಲ್ಲಿ ಕೆಲಸ, ಮ್ಯಾಚಿಗೆ 10 ಷಿಲಿಂಗ್ ಖರ್ಚು. ಅಂದ್ರೆ ಅರ್ಧ ಪೌಂಡ್. ಉಳಿಯೋಕೆ ತಂಡದ ಇನ್ನೊಬ್ಬ ಆಟಗಾರ್ತಿ ಆಲಿಸ್ ನಾರಿಸ್ ಅವರ ಮನೆ. ಇದೆಲ್ಲದರ ಜೊತೆ ಲಿಲಿಗೆ ವುಡ್‌ಬೈನ್ ಸಿಗರೇಟ್ ಪ್ಯಾಕೆಟ್ಟೂ ಸೇರಿತ್ತು ಅಂತ ಇಂಗ್ಲೆಂಡಿನವರು ಈಗಲೂ ನಗಾಡ್ಕೊಂಡು ಹೇಳ್ತಾರೆ. ಹದಿನಾಲ್ಕರ ಹುಡುಗಿಗೆ ಸಿಗರೇಟ್ ಕೊಟ್ಟಿದ್ದು ನನಗಂತೂ ನಗೋ ವಿಷಯ ಅನ್ನಿಸಲ್ಲ. ಆ ಚಟ ಅವಳನ್ನ ಕೊನೆವರೆಗೂ ಬಿಡಲಿಲ್ಲ.

ಓದು ಅಷ್ಟಕ್ಕೇ ನಿಂತಿತು. ಕಾಲೇಜು ಅರ್ಧಕ್ಕೆ ಬಿಟ್ಟವನು ನಾನೂ ಹೌದು, ಆದ್ರೆ ನನ್ನನ್ನ ಯಾರೂ ಬೇರೆ ಊರಿಂದ ಬಂದು ಕೆಲಸ ಕೊಟ್ಟು ಕರೆದುಕೊಂಡು ಹೋಗಲಿಲ್ಲ. ಒಂಬತ್ತನೇ ಕ್ಲಾಸಿನ ವಯಸ್ಸಿನ ಹುಡುಗಿಯನ್ನ ಆಟಕ್ಕೋಸ್ಕರ ಪರ ಊರಿಗೆ ಕಳಿಸಿದ ಆ ತಾಯಿ ತಂದೆ ಏನು ಯೋಚನೆ ಮಾಡಿದ್ರೋ. ಏಳು ಮಕ್ಕಳ ಕೂಲಿ ಮನೆಗೆ ಒಂದು ಸಂಬಳ ಬರೋದು ದೊಡ್ಡದೇ ಇತ್ತು ಅನ್ನಿ.

ಮೊದಲು ಲಿಲಿಯನ್ನ ಡಿಫೆನ್ಸ್‌ನಲ್ಲಿ, ಲೆಫ್ಟ್ ಬ್ಯಾಕ್ ಜಾಗದಲ್ಲಿ ಆಡಿಸಿದ್ರು. ಬೇಗನೇ ಗೊತ್ತಾಯ್ತು, ಇದು ತಪ್ಪು ಜಾಗ ಅಂತ. ಲೆಫ್ಟ್ ವಿಂಗಿಗೆ ಹಾಕಿದ ಮೇಲೆ ಗೋಲಿನ ಮಳೆ. ಮೊದಲ ಸೀಸನ್‌ನಲ್ಲೇ 43 ಗೋಲು. ಆರಡಿಗೆ ಹತ್ತಿರದ ಎತ್ತರ, ಕಪ್ಪು ಕೂದಲು. ಮೈದಾನದ ಅಂಚಿನಿಂದ ಅವಳು ಹೊಡೆದ ಕ್ರಾಸ್ ನೇರ ಗೋಲಿನ ಬಾಯಿಗೆ ಬಂದು ಬೀಳ್ತಿತ್ತು. ಒಬ್ಬ ಗಂಡಸು ಗೋಲ್‌ಕೀಪರ್ ಇವಳ ಕೈಲಿ ಏನಾಗುತ್ತೆ ಅಂತ ಸವಾಲು ಹಾಕಿ ನಿಂತು, ಚೆಂಡು ತಡೆಯೋಕೆ ಹೋಗಿ ಕೈ ಮುರ್ಕೊಂಡ ಅನ್ನೋ ಕಥೆ ಇದೆ. ಊರಿನ ಪೈಲ್ವಾನರ ಬಗ್ಗೆ ನಮ್ಮಲ್ಲಿ ಹುಟ್ಟೋ ಕಥೆಗಳ ಹಾಗೆಯೇ ಇದು. ಪೂರ್ತಿ ನಂಬದಿದ್ರೂ, ಯಾರ ಬಗ್ಗೆ ಇಂಥ ಕಥೆ ಹುಟ್ಟುತ್ತೆ ಅನ್ನೋದು ಮುಖ್ಯ.

1920 ಈ ತಂಡದ ವರ್ಷ. ಏಪ್ರಿಲ್‌ನಲ್ಲಿ ಫ್ರಾನ್ಸ್‌ನಿಂದ ಹೆಂಗಸರ ತಂಡ ಬಂತು. ಅದನ್ನ ಕರ್ಕೊಂಡು ಬಂದವರು ಅಲೀಸ್ ಮಿಲಿಯಾ, ಮುಂದೆ ಮಹಿಳೆಯರಿಗೂ ಒಲಿಂಪಿಕ್ಸ್ ಬೇಕು ಅಂತ ಹೋರಾಡಿದ ದೊಡ್ಡ ಹೆಸರು. ಡೀಪ್‌ಡೇಲ್‌ನಲ್ಲಿ 25 ಸಾವಿರ ಜನ ಸೇರಿದ್ರು. ಅದೇ ವರ್ಷ ಡಿಕ್ ಕರ್ ಹುಡುಗಿಯರು ಫ್ರಾನ್ಸ್‌ಗೆ ಹೋಗಿ ಆಡಿ ಬಂದ್ರು. ಪ್ಯಾರಿಸ್‌ನಲ್ಲಿ 22 ಸಾವಿರ ಜನ. ಕಾರ್ಖಾನೆ ಹುಡುಗಿಯರು ಹಡಗು ಹತ್ತಿ ಬೇರೆ ದೇಶಕ್ಕೆ ಹೋಗಿ ಬರೋದು ಆಗ ಕನಸಿನ ಮಾತು.

ಡಿಸೆಂಬರ್ 16ಕ್ಕೆ ಇನ್ನೊಂದು ಸಾಹಸ: ರಾತ್ರಿ ಮ್ಯಾಚ್. ಗ್ರೌಂಡಿಗೆ ಲೈಟ್ ಎಲ್ಲಿಂದ ತರೋದು? ಯುದ್ಧದಲ್ಲಿ ಶತ್ರು ವಿಮಾನ ಹುಡುಕೋಕೆ ಬಳಸ್ತಿದ್ದ ಸರ್ಚ್‌ಲೈಟ್ ಎರಡು ಬೇಕು ಅಂತ ಸರ್ಕಾರಕ್ಕೆ ಅರ್ಜಿ ಹಾಕಿದ್ರು. ಆಗ ಯುದ್ಧ ಖಾತೆ ಮಂತ್ರಿ ವಿನ್‌ಸ್ಟನ್ ಚರ್ಚಿಲ್. ಅನುಮತಿ ಸಿಕ್ತು. ಸಾಲದ್ದಕ್ಕೆ ಕಾರ್ಬೈಡ್ ದೀಪಗಳು. ಚೆಂಡು ಕತ್ತಲಲ್ಲಿ ಕಾಣಲಿ ಅಂತ ಅದಕ್ಕೆ ಸುಣ್ಣದ ಬಿಳಿ ಬಳಿದು, ಬಣ್ಣ ಹೋದ ಹಾಗೆ ಚೆಂಡು ಬದಲಾಯಿಸ್ತಾ ಆಡಿಸಿದ್ರು. 12 ಸಾವಿರ ಜನ ನೋಡಿದ್ರು. ಹೊನಲು ಬೆಳಕಿನ ಪಂದ್ಯ ಅಂತ ಈಗ ನಾವು ಫ್ಲೆಕ್ಸ್ ಹಾಕ್ತೀವಲ್ಲ, ಅದನ್ನ ಕೆಲಸವಿಲ್ಲದ ಮಾಜಿ ಸೈನಿಕರಿಗೆ ದುಡ್ಡು ಎತ್ತೋಕೆ ಈ ಹೆಣ್ಮಕ್ಕಳು ನೂರು ವರ್ಷದ ಹಿಂದೆಯೇ ಮಾಡಿದ್ರು.

ಹತ್ತು ದಿನ ಕಳೆದು, ಡಿಸೆಂಬರ್ 26. ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್. ಎದುರಾಳಿ ಲಿಲಿಯ ಹಳೇ ತಂಡ ಸೇಂಟ್ ಹೆಲೆನ್ಸ್. ಒಳಗೆ 53 ಸಾವಿರ ಜನ, ಟಿಕೆಟ್ ಸಿಗದೆ ಗೇಟಿನ ಹೊರಗೆ ಇನ್ನೂ ಸಾವಿರಾರು. ಆಟಗಾರ್ತಿಯರು ಒಳಗೆ ಹೋಗೋಕೂ ಪೊಲೀಸರು ದಾರಿ ಮಾಡಿಕೊಡಬೇಕಾಯ್ತು. ಅವತ್ತು ತಂಡದ ದೊಡ್ಡ ಗೋಲ್ ಹೊಡೆಯೋಳು ಫ್ಲಾರಿ ರೆಡ್‌ಫರ್ಡ್ ರೈಲು ತಪ್ಪಿಸಿಕೊಂಡುಬಿಟ್ಟಳು! ಫಸ್ಟ್ ಹಾಫ್‌ನಲ್ಲಿ ಜೆನ್ನಿ ಹ್ಯಾರಿಸ್ ಒಂದು ಗೋಲು ಹೊಡೆದ್ರು. ಸೆಕೆಂಡ್ ಹಾಫಿಗೆ ಕ್ಯಾಪ್ಟನ್ ಆಲಿಸ್ ಕೆಲ್ ಡಿಫೆನ್ಸ್ ಬಿಟ್ಟು ತಾನೇ ಮುಂದೆ ಬಂದು ನಿಂತು ಮೂರು ಗೋಲು ಹೊಡೆದ್ರು. 4-0. ದಾನಕ್ಕೆ ಸೇರಿದ್ದು 3 ಸಾವಿರ ಪೌಂಡ್‌ಗೂ ಮಿಕ್ಕಿ. ಇಂಗ್ಲೆಂಡಿನಲ್ಲಿ ಹೆಂಗಸರ ಫುಟ್‌ಬಾಲ್ ಪಂದ್ಯಕ್ಕೆ ಅದಕ್ಕಿಂತ ಹೆಚ್ಚು ಜನ ಸೇರಬೇಕಾದ್ರೆ 2012ರ ಒಲಿಂಪಿಕ್ಸ್ ಬರಬೇಕಾಯ್ತು. ತೊಂಬತ್ತೆರಡು ವರ್ಷ!

ಇಷ್ಟು ಜನ ಬಂದಿದ್ದೇ ಮುಳುವಾಯ್ತು ಅಂತ ನನಗನ್ನಿಸುತ್ತೆ. ಯುದ್ಧ ಮುಗಿದಿತ್ತು. ಗಂಡಸರು ವಾಪಸ್ ಬಂದಿದ್ರು. ಕಾರ್ಖಾನೆಯಲ್ಲಿ ಹೆಂಗಸರ ಕೆಲಸ ಹೋಗ್ತಿತ್ತು. 1921ರಲ್ಲಿ ಕಲ್ಲಿದ್ದಲು ಗಣಿಗಳ ಲಾಕೌಟ್ ಆಗಿ ಕಾರ್ಮಿಕರ ಮನೆಗಳಲ್ಲಿ ಒಲೆ ಉರೀದೆ ಇದ್ದಾಗ, ಮಹಿಳಾ ತಂಡಗಳು ಅವರಿಗೋಸ್ಕರವೂ ಆಡಿ ದುಡ್ಡು ಎತ್ತಿಕೊಟ್ವು. ಗಾಯಾಳು ಸೈನಿಕರಿಗೆ ಆಡಿದಾಗ ಹೊಗಳಿದ ದೊಡ್ಡವರಿಗೆ ಇದು ಅಷ್ಟೇನೂ ರುಚಿಸಲಿಲ್ಲ. ಆ ವರ್ಷ ಡಿಕ್ ಕರ್ ತಂಡ ಅರವತ್ತಕ್ಕೂ ಹೆಚ್ಚು ಮ್ಯಾಚ್ ಆಡಿತ್ತು. ವಾರವೆಲ್ಲ ಕಾರ್ಖಾನೆ, ವಾರದ ಕೊನೆಗೆ ರೈಲು, ಮ್ಯಾಚು, ಮತ್ತೆ ರೈಲು.

1921ರ ಡಿಸೆಂಬರ್ 5ಕ್ಕೆ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಮೀಟಿಂಗ್ ಸೇರಿ ನಿರ್ಣಯ ಮಾಡ್ತು. ಫುಟ್‌ಬಾಲ್ ಹೆಂಗಸರಿಗೆ ತಕ್ಕ ಆಟ ಅಲ್ಲ, ಅದಕ್ಕೆ ಪ್ರೋತ್ಸಾಹ ಕೊಡಬಾರದು, ಅಸೋಸಿಯೇಷನ್‌ಗೆ ಸೇರಿದ ಯಾವ ಕ್ಲಬ್ಬೂ ತನ್ನ ಗ್ರೌಂಡನ್ನ ಅವರಿಗೆ ಕೊಡಬಾರದು ಅಂತ. ಜೊತೆಗೆ ಇನ್ನೊಂದು ಆರೋಪ: ದಾನದ ಹೆಸರಲ್ಲಿ ಬಂದ ದುಡ್ಡಲ್ಲಿ ಖರ್ಚಿಗೆ ಅಂತ ಜಾಸ್ತಿ ಹೋಗ್ತಿದೆ. ಈ ಆಟದಿಂದ ಹೆಂಗಸರ ಮೈಗೆ ಕೆಟ್ಟದ್ದು ಅಂತ ಕೆಲವು ಡಾಕ್ಟರುಗಳೂ ದನಿ ಸೇರಿಸಿದ್ರು. ಮದ್ದುಗುಂಡು ಹೊರುವಾಗ ಇಲ್ಲದ ಮೈಯ ಚಿಂತೆ ಚೆಂಡು ಒದೆಯುವಾಗ ಬಂತು ನೋಡಿ.

ಖರ್ಚಿನ ವಿಷಯ ಪೂರ್ತಿ ತಳ್ಳಿಹಾಕೋ ಹಾಗೂ ಇಲ್ಲ. ದುಡ್ಡು ಓಡಾಡಿದ ಕಡೆ ಲೆಕ್ಕ ಕೇಳೋದು ತಪ್ಪಲ್ಲ. ಆದ್ರೆ 10 ಷಿಲಿಂಗ್ ಅನ್ನೋದು ಕೆಲಸ ಬಿಟ್ಟು ಬಂದ ಕೂಲಿ ಹುಡುಗಿಯ ದಿನದ ನಷ್ಟಕ್ಕೆ, ರೈಲಿಗೆ, ಊಟಕ್ಕೆ. ಲೆಕ್ಕ ಸರಿ ಇಲ್ಲ ಅಂದ್ರೆ ಲೆಕ್ಕ ಸರಿ ಮಾಡಿಸಬೇಕು. ಗ್ರೌಂಡಿಗೇ ಬೀಗ ಹಾಕೋದು ಬೇರೆ ಮಾತು. ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥ ಆಗುತ್ತೆ. ನಿಮ್ಮ ವ್ಯಾಪಾರ ನಿಲ್ಲಿಸೋಕೆ ನಿಮ್ಮ ಮೇಲೆ ನಿಷೇಧ ಹಾಕಬೇಕಾಗಿಲ್ಲ, ಸಂತೆಯಲ್ಲಿ ಜಾಗ ಕೊಡದಿದ್ರೆ ಆಯ್ತು. ಆಟ ಆಡಬೇಡಿ ಅಂತ ಯಾರೂ ಪೊಲೀಸ್ ಕಳಿಸಲಿಲ್ಲ. ದೊಡ್ಡ ಗ್ರೌಂಡುಗಳೆಲ್ಲ ಕೈ ತಪ್ಪಿದ್ವು, ಗ್ಯಾಲರಿ ಇಲ್ಲದ ಕಡೆ 50 ಸಾವಿರ ಜನ ಎಲ್ಲಿ ನಿಲ್ತಾರೆ? ಲಿಲಿಗೆ ಆಗ ಹದಿನಾರು ವರ್ಷ.

ಮಹಿಳಾ ತಂಡಗಳು ತಮ್ಮದೇ ಅಸೋಸಿಯೇಷನ್ ಮಾಡಿಕೊಳ್ಳೋಕೆ ನೋಡಿದ್ವು, ಹೆಚ್ಚು ದಿನ ನಿಲ್ಲಲಿಲ್ಲ. ಎಷ್ಟೋ ತಂಡಗಳು ಮುಚ್ಚಿಹೋದ್ವು. ಫ್ರಾಂಕ್‌ಲೆಂಡ್ ಮಾತ್ರ ಬಿಡಲಿಲ್ಲ. 1922ರಲ್ಲಿ ತಂಡವನ್ನ ಹಡಗಿನಲ್ಲಿ ಕೆನಡಾಗೆ ಕರ್ಕೊಂಡು ಹೋದ್ರು. ಅಲ್ಲಿ ಇಳಿದ ಮೇಲೆ ಗೊತ್ತಾಗಿದ್ದು, ಅಲ್ಲಿನ ಫುಟ್‌ಬಾಲ್ ಮಂಡಳಿಯೂ ಆಡೋಕೆ ಬಿಡಲ್ಲ ಅಂತ. ಸರಿ, ಅಮೆರಿಕಕ್ಕೆ ನಡೀರಿ ಅಂದ್ರು. ಅಮೆರಿಕದಲ್ಲಿ ಎದುರಾಳಿ ಯಾರು ಅಂದ್ರೆ ಗಂಡಸರ ತಂಡಗಳು! ಮೊದಲ ಮ್ಯಾಚ್ ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ, 6-3ರಿಂದ ಸೋತ್ರು. ಆಮೇಲೆ ಕೆಲವು ಗೆದ್ದರು, ಕೆಲವು ಡ್ರಾ, ಕೆಲವು ಸೋಲು. ಗಂಡಸರ ತಂಡಗಳ ಎದುರು ಮೂರು ಗೋಲು ಹೊಡೆದು ಸೋತ್ರೂ ಅದು ಮರ್ಯಾದೆಯ ಸೋಲೇ.

ವಾಪಸ್ ಬಂದ ಮೇಲೆ ರಗ್ಬಿ ಗ್ರೌಂಡು, ಪಾರ್ಕು, ಹೊಲದ ಬಯಲು, ಎಲ್ಲಿ ಸಿಕ್ತೋ ಅಲ್ಲಿ ಆಡಿದ್ರು. 1926ರ ಹೊತ್ತಿಗೆ ಕಾರ್ಖಾನೆ ಕೈ ಬದಲಾಗಿ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿದಾಗಿತ್ತು. ಹೊಸ ಮಾಲೀಕರಿಗೂ ಫ್ರಾಂಕ್‌ಲೆಂಡ್‌ಗೂ ಸರಿಹೋಗಲಿಲ್ಲ. ಅವರು ಕೆಲಸ ಬಿಟ್ಟು ಪ್ರೆಸ್ಟನ್‌ನಲ್ಲೇ ಒಂದು ಅಂಗಡಿ ಹಾಕಿಕೊಂಡ್ರು. ತಂಡದ ಹೆಸರು ಪ್ರೆಸ್ಟನ್ ಲೇಡೀಸ್ ಅಂತಾಯ್ತು. ಆಮೇಲೆ ದೊಡ್ಡ ಕಂಪನಿ ಇಲ್ಲ, ಸ್ಪಾನ್ಸರ್ ಇಲ್ಲ. ಅಂಗಡಿ ನಡೆಸಿಕೊಂಡೇ ಒಬ್ಬ ಮನುಷ್ಯ ದೇಶದ ಅತಿ ಒಳ್ಳೇ ಮಹಿಳಾ ತಂಡವನ್ನ ಮೂವತ್ತು ವರ್ಷ ನಡೆಸಿದ್ರು.

ಹುಡುಗಿಯರಿಗೆ ಹೊಟ್ಟೆಪಾಡು ಬೇಕಲ್ಲ. ಪ್ರೆಸ್ಟನ್ ಹತ್ತಿರದ ವಿಟಿಂಗ್‌ಹ್ಯಾಮ್‌ನಲ್ಲಿ ದೊಡ್ಡ ಮಾನಸಿಕ ಆಸ್ಪತ್ರೆ ಇತ್ತು. ಫ್ರಾಂಕ್‌ಲೆಂಡ್ ಅಲ್ಲಿ ಮಾತಾಡಿ ತಂಡದ ಹಲವರಿಗೆ ಕೆಲಸ ಕೊಡಿಸಿದ್ರು. ಲಿಲಿಯೂ ಅಲ್ಲೇ ನರ್ಸ್ ಆದ್ರು. ಇಲ್ಲಿಂದ ಮುಂದೆ ಲಿಲಿಯನ್ನ ಅವರು ಅಂತಲೇ ಬರೆಯಬೇಕು ಅನ್ನಿಸ್ತಿದೆ. ಅಸೋಸಿಯೇಷನ್ ದೃಷ್ಟಿಯಲ್ಲಿ ಅವರು ಆಟಗಾರ್ತಿಯೇ ಅಲ್ಲ. ಡ್ಯೂಟಿ ಮುಗಿಸಿ, ರಜೆ ಹೊಂದಿಸಿಕೊಂಡು, ಶನಿವಾರ ಭಾನುವಾರ ಬೂಟು ಕಟ್ಟಿಕೊಂಡು ಹೊರಡ್ತಿದ್ರು. ಮಾತು ಕಡಿಮೆ, ತಮಾಷೆ ಒಣ ತಮಾಷೆ. ಮ್ಯಾಚ್ ಮುಗಿದ ಮೇಲೆ ಚೆಂಡೇ ಕಾಣೆಯಾಗ್ತಿತ್ತು, ಅದರ ಹಿಂದೆ ಲಿಲಿ ಕೈವಾಡ ಇರ್ತಿತ್ತು ಅಂತಲೂ ಜೊತೆಯವರು ನೆನೆಸಿಕೊಳ್ತಿದ್ರು. ದೇವರಂಥ ವ್ಯಕ್ತಿ ಅಂತೇನೂ ಅಲ್ಲ, ನಮ್ಮ ನಿಮ್ಮ ಹಾಗೇ.

1937ರಲ್ಲಿ ಬ್ರಿಟನ್‌ನ, ಅಷ್ಟೇ ಯಾಕೆ ಜಗತ್ತಿನ ಚಾಂಪಿಯನ್ ಯಾರು ಅಂತ ತೀರ್ಮಾನ ಮಾಡೋಕೆ ಬ್ಲ್ಯಾಕ್‌ಪೂಲ್‌ನಲ್ಲಿ ಎಡಿನ್‌ಬರೋ ತಂಡದ ಜೊತೆ ಮ್ಯಾಚ್ ಇಟ್ಟರು. ಹೆಸರು ಇಟ್ಟವರು ತಾವೇ, ಅದು ಬೇರೆ ವಿಷಯ. ಪ್ರೆಸ್ಟನ್ 5-1ರಿಂದ ಗೆದ್ದಿತು. ಎರಡನೇ ಮಹಾಯುದ್ಧದಲ್ಲಿ ಆಟ ನಿಂತು, 1946ರಲ್ಲಿ ಮತ್ತೆ ಶುರುವಾದಾಗ ಲಿಲಿ ಕ್ಯಾಪ್ಟನ್. ನಲವತ್ತೊಂದು ವರ್ಷ ವಯಸ್ಸು! 1951ರಲ್ಲಿ ಬೂಟು ಬಿಚ್ಚಿಟ್ಟರು. ಹದಿನಾಲ್ಕಕ್ಕೆ ಶುರು ಮಾಡಿ ಮೂವತ್ತು ವರ್ಷಕ್ಕೂ ಹೆಚ್ಚು. ಗೋಲಿನ ಲೆಕ್ಕ ಸಾವಿರಕ್ಕೆ ಸ್ವಲ್ಪವೇ ಕಡಿಮೆ ಅಂತ ಹೇಳ್ತಾರೆ.

ಫ್ರಾಂಕ್‌ಲೆಂಡ್ 1957ರಲ್ಲಿ ತೀರಿಕೊಂಡ್ರು. ತಂಡ 1965ರವರೆಗೆ ಉಸಿರು ಹಿಡ್ಕೊಂಡಿತ್ತು. ಕೊನೆಗೆ ಆಟಗಾರ್ತಿಯರೇ ಸಿಗದೆ ಮುಚ್ಚಿದ್ರು. ಅಷ್ಟು ವರ್ಷದಲ್ಲಿ ಆಡಿದ್ದು 828 ಮ್ಯಾಚ್, ಗೆದ್ದಿದ್ದು 758, ಡ್ರಾ 46, ಸೋತಿದ್ದು ಬರೀ 24 ಅನ್ನೋದು ತಂಡದ ಲೆಕ್ಕ. ಅಸೋಸಿಯೇಷನ್‌ನ ಯಾವ ದಾಖಲೆ ಪುಸ್ತಕದಲ್ಲೂ ಇದಕ್ಕೆ ಜಾಗ ಇರಲಿಲ್ಲ.

ಲಿಲಿ ಮದುವೆ ಆಗಲಿಲ್ಲ. ಆಸ್ಪತ್ರೆ ಕೆಲಸದಲ್ಲೇ ಇದ್ದು ನಿವೃತ್ತಿ ಆದ್ರು. ಪ್ರೆಸ್ಟನ್ ಪಕ್ಕದ ಗೂಸ್ನರ್ ಅನ್ನೋ ಹಳ್ಳಿಯಲ್ಲಿ ಸ್ವಂತ ಮನೆ. 1967ರಲ್ಲಿ ಸ್ತನ ಕ್ಯಾನ್ಸರ್ ಬಂದು ದೊಡ್ಡ ಆಪರೇಷನ್ ಆಯ್ತು. ಅದನ್ನೂ ಗೆದ್ದು ಇನ್ನೂ ಹನ್ನೊಂದು ವರ್ಷ ಬದುಕಿದ್ರು. ಬದುಕಿದ್ದಕ್ಕೆ ಒಂದು ವಿಷಯ ಕಣ್ಣಾರೆ ಕಂಡ್ರು. ಸುಮಾರು ಐವತ್ತು ವರ್ಷದ ಮೇಲೆ, 1970ರ ದಶಕ ಶುರುವಾಗೋ ಹೊತ್ತಿಗೆ ಅಸೋಸಿಯೇಷನ್ ತನ್ನ ನಿಷೇಧ ತೆಗೀತು. 1972ರ ನವೆಂಬರ್‌ನಲ್ಲಿ ಇಂಗ್ಲೆಂಡ್ ಮಹಿಳಾ ತಂಡ ಸ್ಕಾಟ್ಲೆಂಡ್ ಎದುರು ಮೊದಲ ಅಧಿಕೃತ ಪಂದ್ಯ ಆಡಿ 3-2ರಿಂದ ಗೆದ್ದಿತು. ಆಗ ಲಿಲಿಗೆ 67.

1978ರ ಮೇ 24ರಂದು ಮನೆಯಲ್ಲೇ ತೀರಿಕೊಂಡ್ರು. 73 ವರ್ಷ. ಮಣ್ಣು ಮಾಡಿದ್ದು ಹುಟ್ಟಿದೂರು ಸೇಂಟ್ ಹೆಲೆನ್ಸ್‌ನಲ್ಲೇ. 2002ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ಮ್ಯೂಸಿಯಂ ಹಾಲ್ ಆಫ್ ಫೇಮ್ ಮಾಡಿದಾಗ ಅದರಲ್ಲಿ ಸೇರಿದ ಮೊದಲ ಮಹಿಳೆ ಇವರೇ. 2019ರಲ್ಲಿ ಮ್ಯಾಂಚೆಸ್ಟರ್‌ನ ಆ ಮ್ಯೂಸಿಯಂನಲ್ಲಿ ಅವರ ಕಂಚಿನ ಪ್ರತಿಮೆ ನಿಲ್ಲಿಸಿದ್ರು. ಬ್ರಿಟನ್‌ನಲ್ಲಿ ಮಹಿಳಾ ಫುಟ್‌ಬಾಲ್ ಆಟಗಾರ್ತಿಯ ಪ್ರತಿಮೆ ಅಂತ ನಿಂತಿದ್ದು ಅದೇ ಮೊದಲು.

ಅದಕ್ಕೂ ಎರಡು ವರ್ಷ ಮೊದಲು, 2017ರ ಡಿಸೆಂಬರ್‌ನಲ್ಲಿ, ಮೊದಲ ಮ್ಯಾಚಿಗೆ ನೂರು ವರ್ಷ ಆಗಿದ್ದಕ್ಕೆ ಡೀಪ್‌ಡೇಲ್‌ನಲ್ಲಿ ಡಿಕ್ ಕರ್ ಹುಡುಗಿಯರ ನೆನಪಿಗೆ ಒಂದು ಗ್ರಾನೈಟ್ ಸ್ಮಾರಕ ಹಾಕಿದ್ದಾರೆ. 1921ರಲ್ಲಿ ಅವರಿಗೆ ಬಾಗಿಲು ಹಾಕಿದ ಅದೇ ಗ್ರೌಂಡು.